ತಾಮ್ರ ಬಳಿದುಕೊಂಡ ಬಾಣಲೆ

ನಮ್ಮ ಮನೆಯಲ್ಲಿ ಚಾಲ್ತಿಯಲ್ಲಿರುವ ಕಥೆ ಹೀಗಿದೆ: ಹುಡುಗ ಯಾರನ್ನೂ ಕೇಳದೆ ಅಜ್ಜಿಯ ಕಬ್ಬಿಣದ ಬಾಣಲೆ ಹಾಳು ಮಾಡಿದ. ಅಮ್ಮ ಇದನ್ನು ಹನುಮಂತನಗರದ ದೊಡ್ಡಮ್ಮನಿಗೆ ಫೋನಿನಲ್ಲಿ ಹೇಳಿದ್ದಾಳೆ, ಹಾಲಿನವನಿಗೆ ಹೇಳಿದ್ದಾಳೆ, ಗಾಂಧಿ ಬಜಾರಿನಲ್ಲಿ ಹೂ ಕಟ್ಟುವಾಕೆಗೂ ಹೇಳಿದ್ದಾಳೆ. ಹೇಳಿದಾಗಲೆಲ್ಲ ಬಾಣಲೆಯ ವಯಸ್ಸು ಹತ್ತು ವರ್ಷ ಏರುತ್ತದೆ. ‘ಹಾಳು ಮಾಡಿದ’ ಎಂಬ ಭಾಗಕ್ಕೆ ನನ್ನ ತಕರಾರಿಲ್ಲ. ‘ಯಾರನ್ನೂ ಕೇಳದೆ’ ಎಂಬುದಕ್ಕೆ ಇದೆ. ಘಟನೆ ನಡೆದಾಗ ಅಜ್ಜಿ ನನ್ನಿಂದ ಮೂರಡಿ ದೂರದಲ್ಲಿ, ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು.

ಮೊದಲು ಹಿನ್ನೆಲೆ. ಆಷಾಢದಲ್ಲಿ ಬಂದ ಜ್ವರ ಅಜ್ಜಿಯನ್ನು ಬಿಟ್ಟು ಹೋಯಿತು, ಹೋಗುವಾಗ ಅವಳ ನಾಲಿಗೆಯ ರುಚಿಯನ್ನೂ ಒಯ್ದಿತು. ಸಾರು ನೀರಿನ ಹಾಗೆ, ಪಾಯಸ ಅಂಟಿನ ಹಾಗೆ. ರವಿಕೆಯ ತೋಳು ಸಡಿಲವಾಗುತ್ತಾ ಬಂತು. ಹೇಗಾದರೂ ಮಾಡಿ ತಿನ್ನಿಸಿ ಎಂದರು ಡಾಕ್ಟರು. ಅವಳು ತಿನ್ನುತ್ತಿದ್ದುದು ಒಂದೇ: ಬಾಳೆಕಾಯಿ ಪಲ್ಯ. ಅದೂ ಆ ಬಾಣಲೆಯಲ್ಲಿ ಮಾಡಿದ್ದು, ತಳ ಹಿಡಿದು ಗರಿಗರಿಯಾದ ಭಾಗ ಮಾತ್ರ. ನಾನ್‌ಸ್ಟಿಕ್ಕಿನಲ್ಲಿ ಮಾಡಿಕೊಟ್ಟರೆ ಒಂದು ಹೋಳು ಬಾಯಿಗಿಟ್ಟು, “ಇದು ಯಾರ ಮನೇದು?” ಎಂದು ಕೇಳುತ್ತಿದ್ದಳು.

ಗೌರಿ ಹಬ್ಬ ಹತ್ತಿರ ಬಂತು. ಅಟ್ಟದಿಂದ ತಾಮ್ರದ ಹಂಡೆ, ಚೊಂಬು, ಪಂಚಪಾತ್ರೆಗಳು ಇಳಿದವು. ಒಂದು ಕಪ್ಪಗೆ, ಇನ್ನೊಂದು ಹಸಿರು ಕಿಲುಬು ಹಿಡಿದು. ಅಮ್ಮ ಚಾಮರಾಜಪೇಟೆಯ ಶಾಲೆಗೆ ಪಾಠ ಹೇಳಲು ಹೊರಟಿದ್ದಳು. “ನಾನು ತೊಳೀತೀನಿ, ನೀನು ಹೋಗು” ಎಂದೆ. ನಾನು ಕಾನೂನು ಓದುತ್ತಿದ್ದೇನೆ, ಕಾಲೇಜಿನ ಚರ್ಚಾ ತಂಡದ ನಾಯಕ, ಪಿಯುಸಿಯಲ್ಲಿ ರಸಾಯನಶಾಸ್ತ್ರ ಪಾಸು ಮಾಡಿದವನು. ಪಾತ್ರೆ ತೊಳೆಯಲು ಇದಕ್ಕಿಂತ ಹೆಚ್ಚಿನ ಅರ್ಹತೆ ಏನು ಬೇಕು?

ದೊಡ್ಡ ಟಬ್ಬಿನಲ್ಲಿ ಹುಣಸೆಹಣ್ಣು ಕಿವುಚಿ, ಉಪ್ಪು ಸುರಿದು, ತಾಮ್ರವನ್ನೆಲ್ಲ ಮುಳುಗಿಸಿದೆ. ಮಧ್ಯಾಹ್ನದ ಹೊತ್ತಿಗೆ ಒಂದೊಂದೂ ಹೊಸ ಮದುಮಗನಂತೆ ಹೊಳೆಯಿತು. ಆಗ ನನ್ನ ಕಣ್ಣು ಬಾಣಲೆಯ ಮೇಲೆ ಬಿತ್ತು. ಅದು ಕಪ್ಪಗಿತ್ತು. ನನಗೆ ಅನ್ಯಾಯ ಸಹಿಸಲಾಗುವುದಿಲ್ಲ.

“ಅದು ಬೇರೆ, ಇದು ಬೇರೆ ಕಣೋ” ಎಂದಳು ಅಜ್ಜಿ.

“ಬೇರೆ ಹೇಗೆ? ಎರಡೂ ಸಂಕ್ರಮಣ ಲೋಹಗಳು ಅಜ್ಜಿ. ಆವರ್ತ ಕೋಷ್ಟಕದಲ್ಲಿ ಎರಡೂ ಒಂದೇ ಸಾಲು. ಕಬ್ಬಿಣಕ್ಕೂ ತಾಮ್ರಕ್ಕೂ ನಡುವೆ ಎರಡೇ ಮನೆ.”

“ನಮ್ಮ ಬೀದೀಲೂ ಎರಡು ಮನೆ ಆಚೆಯೋರು ಬೆಳ್ಳುಳ್ಳಿ ತಿಂತಾರೆ.”

“ಅದು ಸಂಪ್ರದಾಯ, ಇದು ವಿಜ್ಞಾನ. ತಾಮ್ರದ ಮೇಲಿನ ಕಪ್ಪು ಕೊಳೆ ಅಂದ್ರೆ, ಕಬ್ಬಿಣದ ಮೇಲಿನ ಕಪ್ಪು ಯಾಕೆ ಕೊಳೆ ಅಲ್ಲ? ಹೇಳು.”

ಅಜ್ಜಿ ಏನೋ ಹೇಳಲು ಬಾಯಿ ತೆರೆದಳು. ಎದುರಾಳಿ ಉಸಿರು ತೆಗೆದುಕೊಳ್ಳುವಾಗ ಎರಡನೆಯ ಅಂಶ ಮಂಡಿಸಬೇಕು ಎಂಬುದು ನನ್ನ ತರಬೇತಿ. ಎರಡನೆಯದು ಮಂಡಿಸಿದೆ, ಮೂರನೆಯದೂ ಮಂಡಿಸಿದೆ. ಹತ್ತು ನಿಮಿಷದ ನಂತರ ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, “ಸರಿ” ಎಂದಳು.

ಇದನ್ನು ನಾನು ಗೆಲುವೆಂದು ಮನಸ್ಸಿನಲ್ಲಿ ದಾಖಲಿಸಿಕೊಂಡೆ.

ಉಕ್ಕಿನ ನಾರು ಹಿಡಿದು ಉಜ್ಜಿದೆ. ಎರಡು ತಾಸಿನಲ್ಲಿ ಮೂರು ತಲೆಮಾರಿನ ಕಪ್ಪು ಇಳಿದು, ಒಳಗಿಂದ ಬೂದು ಬಣ್ಣದ ನಿಸ್ಸಹಾಯಕ ಕಬ್ಬಿಣ ನನ್ನನ್ನು ನೋಡಿತು. ಉಳಿದ ಕಲೆಯೂ ಹೋಗಲಿ ಎಂದು, ತಾಮ್ರ ತೊಳೆದ ಅದೇ ಹುಣಸೆ ನೀರಿನಲ್ಲಿ ಮುಳುಗಿಸಿ ಒಳಗೆ ಹೋದೆ.

ಮರುದಿನ ಬೆಳಿಗ್ಗೆ ತೆಗೆದು ನೋಡಿದರೆ ಬಾಣಲೆ ಕೆಂಪಗಾಗಿತ್ತು. ಅಂಚಿನಲ್ಲಿ ಅಲ್ಲಲ್ಲಿ ತುಕ್ಕು, ಒಳಗೆಲ್ಲ ತಾಮ್ರ. ಹಂಡೆಯಿಂದ ಕರಗಿ ಟಬ್ಬಿಗಿಳಿದಿದ್ದ ತಾಮ್ರ, ಬೆತ್ತಲೆ ಕಬ್ಬಿಣ ಕಂಡ ಕೂಡಲೇ ಹೋಗಿ ಅದರ ಮೇಲೆ ಕೂತಿತ್ತು.

“ಏನೋ ಇದು?” ಎಂದಳು ಅಮ್ಮ.

“ಸ್ಥಾನಪಲ್ಲಟ ಕ್ರಿಯೆ. ಹತ್ತನೇ ಕ್ಲಾಸಿನ ಪಾಠದಲ್ಲಿದೆ.”

“ನಿನ್ನ ಸ್ಥಾನ ಮಾಡ್ತೀನಿ ಪಲ್ಲಟ.”

ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸುವವನು ಚರ್ಚಾ ತಂಡದ ನಾಯಕನಾಗುವುದಿಲ್ಲ. ತಾಮ್ರದಲ್ಲಿ ಕಬ್ಬಿಣಕ್ಕಿಂತ ಶಾಖ ಬೇಗ ಹರಿಯುತ್ತದೆ, ಆದ್ದರಿಂದ ಇದು ಹಾನಿಯಲ್ಲ, ಬಡ್ತಿ ಎಂದು ವಾದಿಸಿದೆ. ಅಮ್ಮ ಶಾಲೆಗೆ ಹೋದ ಮೇಲೆ ಸಾಬೀತು ಮಾಡಲು ನಾನೇ ಬಾಳೆಕಾಯಿ ಹೆಚ್ಚಿ ಪಲ್ಯ ಮಾಡಿದೆ. ಹೋಳುಗಳು ಬಾಣಲೆಗೆ ಅಂಟಿಕೊಂಡವು. ಬಿಡಿಸಿದರೆ ತಾಮ್ರವನ್ನೂ ಕರೆದುಕೊಂಡೇ ಎದ್ದವು.

ಅಜ್ಜಿ ಒಂದು ಹೋಳು ಬಾಯಿಗಿಟ್ಟಳು. ತೆಗೆದು ತಟ್ಟೆಯ ಅಂಚಿಗಿಟ್ಟಳು.

“ನಾಣ್ಯ ನೆಕ್ಕಿದ ಹಾಗಿದೆ ಮಗು” ಎಂದು ನೀರು ಕುಡಿದು ಎದ್ದಳು.

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಬೈಯಲಿಲ್ಲ. ಆಮೇಲೆ ಮೂರು ದಿನ ಎರಡೆರಡು ಚಮಚ ಗಂಜಿ ಕುಡಿದು ಸಾಕೆಂದಳು. ಹಬ್ಬದ ದಿನ ಬಾಗಿನದ ಸೀರೆ ಉಟ್ಟಾಗ ಅದು ಅವಳನ್ನು ಉಟ್ಟ ಹಾಗಿತ್ತು. ನಾನು ಆ ಕಡೆ ನೋಡಲಿಲ್ಲ.

ಬಾಣಲೆಯನ್ನು ಚೀಲದಲ್ಲಿ ಹಾಕಿಕೊಂಡು ಕಲಾಸಿಪಾಳ್ಯಕ್ಕೆ ಹೋದೆ. ಹಳೆಯ ಪಾತ್ರೆ ಅಂಗಡಿ. ಗಲ್ಲಾದಲ್ಲಿ ವಿಭೂತಿ ಧರಿಸಿದ ಹಿರಿಯರು. ಅವರು ಬಾಣಲೆಗೆ ಅಯಸ್ಕಾಂತ ಹಿಡಿದರು. ಕಚ್ಚಿಕೊಂಡಿತು. ಉಗುರಿನಿಂದ ಕೆರೆದರು. ಕೆಂಪು ಉದುರಿತು.

“ಐವತ್ತು ವರ್ಷದಿಂದ ಅಂಗಡೀಲಿದೀನಿ. ಹೀಗೆ ಕೆಡಿಸಿದೋರನ್ನ ನೋಡಿರ್ಲಿಲ್ಲ. ಏನು ಓದಿದೀರಿ?”

“ಕಾನೂನು.”

“ಅದೇ ಮತ್ತೆ.”

“ಎರಡೂ ಲೋಹಾನೇ ಅಲ್ವಾ ಸಾರ್?” ಎಂದೆ, ಅಭ್ಯಾಸಬಲದಿಂದ.

“ನೋಡಪ್ಪಾ. ತಾಮ್ರದ ಮೇಲೆ ಕೂತಿರೋದು ಕಿಲುಬು, ಹೊಟ್ಟೆಗೆ ಹೋಗ್ಬಾರ್ದು, ತೊಳೀಬೇಕು. ಬಾಣಲೆ ಮೇಲೆ ಕೂತಿರೋದು ಎಣ್ಣೆ. ಕಾದೂ ಕಾದೂ ಅದರ ಚರ್ಮ ಆಗಿರ್ತದೆ. ತುಕ್ಕು ತಡೆಯೋದೂ ಅದೇ, ಪಲ್ಯ ಗರಿಗರಿ ಮಾಡೋದೂ ಅದೇ. ನೀವು ಚರ್ಮ ಸುಲಿದಿದೀರಿ.”

“ಹೊಸದು ಕೊಡ್ತೀರಾ?”

“ಕೊಡ್ತೀನಿ. ಅದು ಈ ಮಟ್ಟಕ್ಕೆ ಬರೋಕೆ ಹೊಸ ಅಜ್ಜೀನೂ ಬೇಕಾಗ್ತಾರೆ.”

ಅವರು ಹೇಳಿದಂತೆ ತಾಮ್ರವನ್ನೆಲ್ಲ ಉಜ್ಜಿ ತೆಗೆದೆ. ತೆಳ್ಳಗೆ ಎಣ್ಣೆ ಸವರುವುದು, ಹೊಗೆ ಬರುವವರೆಗೆ ಕಾಯಿಸುವುದು, ಆರಿಸುವುದು, ಮತ್ತೆ ಸವರುವುದು. ಗೌರಿ ಹಬ್ಬದಿಂದ ನವರಾತ್ರಿಯವರೆಗೆ ದಿನಾ ಬೆಳಿಗ್ಗೆ ಇದೇ ಕೆಲಸ. ಕಾಲೇಜಿನಲ್ಲಿ ನನ್ನ ಅಂಗಿ ಒಗ್ಗರಣೆ ವಾಸನೆ ಹೊಡೆಯುತ್ತಿತ್ತು. ಒಂದು ಚರ್ಚಾಸ್ಪರ್ಧೆ ತಪ್ಪಿತು. ಬಾಣಲೆಯ ಮುಂದೆ ವಾದಕ್ಕೆ ಅವಕಾಶವಿಲ್ಲ. ಅದು ತನ್ನ ವೇಗದಲ್ಲೇ ಕಪ್ಪಾಗುತ್ತದೆ. ಅಜ್ಜಿ ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಒಮ್ಮೆ ಮಾತ್ರ, “ಎಣ್ಣೆ ಜಾಸ್ತಿ ಆಯ್ತು” ಎಂದಳು. ನಾನು ಮರುಮಾತಾಡದೆ ಒರೆಸಿದೆ. ಅಮ್ಮ ತಿರುಗಿ ನೋಡಿದಳು, ನನಗೇನಾದರೂ ಜ್ವರವೋ ಎಂದು.

ಆಯುಧಪೂಜೆಯ ದಿನ ಬಾಣಲೆಗೂ ಒಂದು ಕುಂಕುಮ ಇಟ್ಟೆವು. ಮರುದಿನ ಅದರಲ್ಲಿ ಬಾಳೆಕಾಯಿ ಪಲ್ಯ. ಮೊದಲಿನಷ್ಟು ಕಪ್ಪಿಲ್ಲ, ಒಂದು ಬದಿ ಇನ್ನೂ ಅಂಟುತ್ತದೆ. ತಳ ಕೆರೆದು ಗರಿಗರಿ ಭಾಗವನ್ನೇ ಅಜ್ಜಿಯ ತಟ್ಟೆಗೆ ಹಾಕಿದೆ. ಒಂದು ಹೋಳು ತಿಂದಳು. ಇನ್ನೊಂದು ತಿಂದಳು. ಯಾರ ಮನೇದು ಎಂದು ಕೇಳಲಿಲ್ಲ. ಅಮ್ಮ ಸೌಟು ಹಿಡಿದು ನಿಂತಲ್ಲೇ ನಿಂತಿದ್ದಳು. ತಟ್ಟೆ ಖಾಲಿಯಾಯಿತು, ಅಜ್ಜಿ ಅದನ್ನು ನನ್ನ ಕಡೆ ಸ್ವಲ್ಪ ಸರಿಸಿದಳು, ಇನ್ನಷ್ಟು ಹಾಕು ಎನ್ನುವಂತೆ.

ಹಾಕುತ್ತಾ ಕೇಳಿದೆ. ನನ್ನ ಗೆಲುವುಗಳ ಪಟ್ಟಿಯಲ್ಲಿ ಅದೊಂದು ಬಹಳ ದಿನದಿಂದ ಚುಚ್ಚುತ್ತಿತ್ತು.

“ಅಜ್ಜಿ, ಅವತ್ತು ಹಿತ್ತಲಲ್ಲಿ ‘ಸರಿ’ ಅಂದ್ಯಲ್ಲ. ನನ್ನ ವಾದ ಒಪ್ಕೊಂಡು ಅಂದಿದ್ದಾ, ಇಲ್ಲಾ ನಾನು ಬಾಯಿ ಮುಚ್ಚಿದ್ರೆ ಸಾಕು ಅಂತಾನಾ?”