ತೆಂಗಿನ ತೋಟದಲ್ಲಿ ಎಫ್ ಕಾರ್ಡು

ಕಲಾವಿದನಿಗೆ ಮೊದಲ ಶತ್ರು ಮನೆಯವರೇ ಎನ್ನುತ್ತಾರೆ. ನನ್ನ ವಿಷಯದಲ್ಲಿ ಅದು ಸುಳ್ಳು. ನನ್ನ ಮೊದಲ ಶತ್ರು ನನ್ನದೇ ಎಡಗೈಯ ತೋರುಬೆರಳು.

ತರೀಕೆರೆಯ ಸ್ಕೂಟರ್ ಶೋರೂಮೊಂದರಲ್ಲಿ, ಸರ್ವೀಸಿಗೆ ಬಂದವರ ಬೈಗುಳವನ್ನು ಸಭ್ಯ ಭಾಷೆಯಲ್ಲಿ ಬರೆದುಕೊಳ್ಳುವುದು ನನ್ನ ಉದ್ಯೋಗ. ದಿನವಿಡೀ 'ಗಾಡಿ ಕಿರ್ರ್ ಅಂತದೆ' ಎಂಬುದನ್ನೇ ಕೇಳಿ ಕೇಳಿ, ಕಿವಿಗೆ ಇಂಪಾದದ್ದೇನಾದರೂ ಬೇಕೆನಿಸಿ ಗಿಟಾರ್ ಕೊಂಡೆ. ಮೊಬೈಲಿನಲ್ಲಿ ಪಾಠ ಹೇಳುವ ಮಹಾಶಯ, 'ಮೊದಲು ಕಾರ್ಡು, ಆಮೇಲೆ ಮೆಲೊಡಿ' ಎಂದ. ಕಾರ್ಡೆಂದರೆ ನಾಲ್ಕಾರು ತಂತಿಗಳನ್ನು ಒಟ್ಟಿಗೆ ಮೀಟಿ ನಾದ ತೆಗೆಯುವುದು. ಮೆಲೊಡಿ ಎಂದರೆ ಅದರ ಮೇಲೆ ಹಾಡಿನ ಧಾಟಿ. ಸಿ, ಜಿ ಎಂಬ ಕಾರ್ಡುಗಳು ಹೇಗೋ ಒಲಿದವು. ಎಫ್ ಬಂತು ನೋಡಿ! ಒಂದೇ ಬೆರಳಿನಲ್ಲಿ ಆರೂ ತಂತಿ ಅದುಮಬೇಕಂತೆ. (ಶೋರೂಮಿನಲ್ಲಿ ಒಬ್ಬ ಗಿರಾಕಿಯನ್ನೇ ಸುಮ್ಮನಿರಿಸಲಾಗದವನು ನಾನು.) ನಾನು ಅದುಮಿ ಮೀಟಿದರೆ, ತಗಡಿನ ಮೇಲೆ ಸರಪಳಿ ಎಳೆದ ಸದ್ದು ಬರುತ್ತಿತ್ತು.

ಕೆಳಮನೆಯಲ್ಲಿರುವ ಓನರ್ ತೀರ್ಥಪ್ಪನವರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. "ಏನಪ್ಪಾ, ಕಿಟಕಿ ಗ್ರಿಲ್ ಕುಯ್ಯೋಕೆ ಮುಂಚೆ ನನ್ನೊಂದ್ ಮಾತು ಕೇಳ್ಬಾರ್ದಾ?"

ಅಂದೇ ನನ್ನ ಹೆಂಡತಿ ಗಗನಾ ತೀರ್ಪು ಕೊಟ್ಟಳು. "ರೀ, ಭಾನುವಾರ ಸಿಂಗಟಗೆರೆಗೆ ಹೋಗ್ತೀವಲ್ಲ, ಅಪ್ಪನ ತೋಟದಲ್ಲಿ ನುಡಿಸ್ಕೊಳ್ರಿ. ತೆಂಗಿನಮರಕ್ಕೆ ಕಿವಿ ಇಲ್ಲ."

ಮರಕ್ಕಿಲ್ಲ ನಿಜ, ಮಾವನಿಗಿತ್ತು. ನನ್ನ ಮಾವ ನಂಜುಂಡಪ್ಪನವರು ಮದುವೆಯಾದಂದಿನಿಂದ ನನ್ನೊಡನೆ ನೇರವಾಗಿ ಮಾತಾಡಿದವರೇ ಅಲ್ಲ. ನಾನು ಎದುರಿಗೇ ಕೂತಿದ್ದರೂ, "ಗಗನಾ, ನಿನ್ ಗಂಡ ಟೀ ಕುಡೀತಾನಂತಾ?" ಎಂದು ಮಗಳನ್ನು ಕೇಳುವರು. ಒಮ್ಮೆಯಾದರೂ ಅವರ ಬಾಯಲ್ಲಿ 'ಅಳಿಯಂದ್ರೇ' ಅನ್ನಿಸಿಕೊಳ್ಳಬೇಕೆಂಬುದು ನನ್ನ ಜೀವನದ ಗುಪ್ತ ಆಸೆಯಾಗಿತ್ತು.

ಆ ಭಾನುವಾರ ತೋಟದಲ್ಲಿ ಎಫ್ ಬಾರಿಸಿದೆ. ಮಾವ ಬದುವಿನ ಮೇಲೆ ಧಡಕ್ಕನೆ ಎದ್ದು ನಿಂತರು. ತೆರೆದ ಬಾಯಿ ತೆರೆದಂತೆಯೇ ಮರದ ತುದಿ ನೋಡಿದರು, ನನ್ನನ್ನು ನೋಡಿದರು.

"ಅಳಿಯಂದ್ರೇ! ಏನದು?"

ನನಗೆ ಗಿಟಾರ್ ಕೈಜಾರುವಷ್ಟು ಆಘಾತ. "ಎಫ್, ಮಾವ."

"ಇನ್ನೊಂದ್ ಸಲ ಹೊಡೀರಿ. ಗಟ್ಟಿಯಾಗಿ!"

ಕುರ್ಚಿ ಬಂತು, ಎಳನೀರು ಬಂತು. ಕುರ್ಚಿಯನ್ನು ಸಾಲಿನಿಂದ ಸಾಲಿಗೆ ಅವರೇ ಹೊತ್ತರು. "ಆ ಮೂಲೆ ಮರಗಳಿಗೂ ಸ್ವಲ್ಪ ಬಿಡಿ ಅಳಿಯಂದ್ರೆ." (ಸಂಗೀತ ಕೇಳಿದರೆ ಗಿಡಗಳು ಚೆನ್ನಾಗಿ ಬೆಳೆಯುತ್ತವೆಂದು ಎಲ್ಲೋ ಓದಿದ್ದೆ. ಮಾವನೂ ಓದಿರಬೇಕು ಅಂದುಕೊಂಡೆ.) ಅತ್ತೆ ಕೆಂಚಮ್ಮನವರು ತುಪ್ಪಕ್ಕೆ ಚಮಚ ಬಿಟ್ಟು ಸೌಟು ಹಿಡಿದರು. ಮುಂದಿನ ವಾರ ಮಾವನೇ ಫೋನು ಮಾಡಿದರು. "ಬತ್ತೀರಲ್ವಾ? ಆ ಎಫ್ ಮರೀಬ್ಯಾಡಿ."

ಇಂಥ ರಸಿಕನಿಗೆ ಬರೀ ಕಾರ್ಡಿನ ಊಟ ಬಡಿಸುವುದೇ? ಮೆಲೊಡಿ ಸೇರಿಸಲು ಪಣ ತೊಟ್ಟೆ. ಹೆಬ್ಬೆರಳು ದಪ್ಪ ತಂತಿ ಕಾಯ್ದುಕೊಳ್ಳಬೇಕು, ಉಳಿದ ಬೆರಳುಗಳು ಸಣ್ಣ ತಂತಿಗಳ ಮೇಲೆ ಧಾಟಿ ಹೆಕ್ಕಬೇಕು. ಒಂದು ಜೋಗುಳದ ಧಾಟಿ ಹಿಡಿದು, ಬೆರಳತುದಿ ಜಡ್ಡುಗಟ್ಟುವ ತನಕ ತಿಂಗಳುಗಟ್ಟಲೆ ಮನೆಯಲ್ಲೇ ಮೆಲ್ಲಗೆ ಸಾಧನೆ ಮಾಡಿದೆ. ತೋಟದಲ್ಲಿ ಮಾತ್ರ ಹಳೆಯ ಬಡಿತವನ್ನೇ ಬಡಿದು ಗುಟ್ಟು ಕಾಪಾಡಿದೆ. ಒಂದು ದಿನ ಎಫ್ ಗಂಟೆಯಂತೆ ಮೊಳಗಿತು. ತೀರ್ಥಪ್ಪನವರು ಕೂಡ ಮೆಟ್ಟಿಲು ಹತ್ತಲಿಲ್ಲ.

ಭಾನುವಾರ ತೋಟದ ನಡುವೆ ಕೂತು ಕಣ್ಣು ಮುಚ್ಚಿ ನುಡಿಸಿದೆ. ಎಂಥ ನಾದ! ನನ್ನ ಕಣ್ಣಲ್ಲೇ ನೀರು. ಧೊಪ್ಪೆಂದು ಏನೋ ಬಿತ್ತು. ಕಣ್ಣು ಬಿಟ್ಟೆ.

ಎದುರಿನ ಬದುವಿನ ಮೇಲೆ ಎಳನೀರು ಹಿಡಿದ ಗಡವ ಕೋತಿ. ಅದರ ಹಿಂದೆ ಅದರ ಸಕಲ ಬಂಧುಬಳಗ. ತಾಯಿಯೊಂದರ ಮಡಿಲಲ್ಲಿ ಮರಿ ನಿದ್ದೆಹೋಗಿತ್ತು. ಮರದ ಮೇಲಿದ್ದವು ಕಾಯಿ ಕಚ್ಚಿ ಕಚ್ಚಿ ಬಿಸಾಡುತ್ತಿದ್ದವು.

ಮಾವ ತಲೆಯ ಮೇಲೆ ಕೈಹೊತ್ತು ಓಡಿಬಂದರು. "ಅಯ್ಯಯ್ಯೋ, ಏನಾಯ್ತು ಅಳಿಯಂದ್ರೆ ನಿಮ್ಗೆ? ಇಷ್ಟ್ ದಿನ ಚೆನ್ನಾಗ್ ನುಡಿಸ್ತಾ ಇದ್ರಲ್ಲ!"

"ಮಾವ, ಅದು ತಪ್ಪು ಎಫ್ಫು. ಇದು ಸರಿ..."

"ಸರಿ ಯಾರಿಗ್ ಬೇಕ್ರೀ? ಪಟಾಕಿಗೆ ಜಗ್ಗದಿದ್ದ ಕೋತಿಗಳು ನಿಮ್ ತಪ್ಪಿಗೆ ಮೂರ್ ತೋಟ ದಾಟಿ ಓಡ್ತಿದ್ವು. ಹಳೇದೇ ಹೊಡೀರಿ!"

ಗಗನಾ ಸೆರಗು ಬಾಯಿಗೊತ್ತಿ ನಗುತ್ತಿದ್ದಳು. "ನಿಮಗ್ ಗೊತ್ತು ಅಂದ್ಕೊಂಡಿದ್ದೆ ಕಣ್ರೀ!"

ಹೊಡೆದೆ. ಶುದ್ಧ ಎಫ್ ಬಂತು. ಮತ್ತೆ ಹೊಡೆದೆ. ಇನ್ನೂ ಶುದ್ಧ. ಪಾಪಿ ಬೆರಳು ಕಲಿತುಬಿಟ್ಟಿತ್ತು! ಗಡವ ಇನ್ನಷ್ಟು ಹತ್ತಿರ ಸರಿದು ಕೂತಿತು. ಮಾವ ಮಗಳ ಕಡೆ ತಿರುಗಿದರು.

"ಗಗನಾ, ನಿನ್ ಗಂಡ ಟೀ ಕುಡೀತಾನಂತಾ?"

ಮುಂದಿನ ಭಾನುವಾರ ಫೋನು ಬರಲಿಲ್ಲ. ಬೇಜಾರಿನಲ್ಲಿ ಮನೆಯಲ್ಲೇ ಗಿಟಾರ್ ಹಿಡಿದು, ದುಃಖ ತಡೆಯದೆ ಧಾಟಿಗೆ ನನ್ನ ದನಿಯನ್ನೂ ಸೇರಿಸಿದೆ. ಅಡಿಗೆಮನೆಯಲ್ಲಿ ಪಾತ್ರೆ ಬಿತ್ತು. ಗಗನಾ ಹಿಟ್ಟಿನ ಕೈಯಲ್ಲೇ ಓಡಿಬಂದು, ಎದೆ ಹಿಡಿದು ಒಂದು ಗಳಿಗೆ ನಿಂತಳು. ಆಮೇಲೆ ಮೆಲ್ಲಗೆ ಫೋನೆತ್ತಿಕೊಂಡಳು.

"ಅಪ್ಪಾ, ಇದನ್ನ ಒಂಚೂರು ಕೇಳು. ರೀ, ನಿಲ್ಲಿಸ್ಬೇಡಿ."

ಇಡೀ ಚರಣ ಹಾಡಿದೆ.

"ಅಳಿಯಂದ್ರೇ!" ಮಾವ ಆ ಕಡೆಯಿಂದ ಕೂಗಿದರು. "ಈಗ್ಲೇ ಕಡೂರ್ ಬಸ್ ಹತ್ತಿ. ಗಿಟಾರ್ ತರ್ದಿದ್ರೂ ಪರ್ವಾಗಿಲ್ಲ."