ಶನಿವಾರ ಎಲ್ಲರೂ ಬನ್ನಿ

ಮುದುಕ ಲಾರ್ಯಾನ ತೊಡೆಯ ರಕ್ತನಾಳದಿಂದ ನಳಿಗೆ ತೂರಿಸಿ ಹೃದಯದ ಕವಾಟಕ್ಕೆ ಹಾಕಿದ್ದ ಕ್ಲಿಪ್ಪು, ಕಡಲಗಾಳಿಗೆ ಸಿಕ್ಕಿದ ಬಟ್ಟೆಯ ಕ್ಲಿಪ್ಪಿನಂತೆ ಕಳಚಿಕೊಂಡಿತು. ಸೋಮವಾರ ಎದೆ ತೆರೆದೇ ಕವಾಟ ಬದಲಿಸಬೇಕು, ಅಷ್ಟರಲ್ಲಿ ಅವನ ಕಡೆಯವರು ಬಂದು ರಕ್ತ ಕೊಡಬೇಕು ಎಂದರು ಡಾಕ್ಟರು.

ಕಡೆಯವರು ಎಂದರೆ ಯಾರು? ಹೆಂಡತಿ ತೀರಿಕೊಂಡಿದ್ದಳು. ಅವನ ಅಂಗಡಿಗೆ ರಿಪೇರಿಗೆಂದು ಬರುತ್ತಿದ್ದ ಗಿರಾಕಿಗಳು ರೇಡಿಯೋಗಳ ಜೊತೆಗೇ ಮಾಯವಾಗಿದ್ದರು. ಕಡಲತೀರದ ಟೇಶಿ ಊರಿನ ಆ ವಠಾರದಲ್ಲಿ ಅವನ ಹೆಸರು ಹಿಡಿದು ಕರೆಯುತ್ತಿದ್ದವಳು ಮೀನು ಮಾರುವ ದೇದೆ ಒಬ್ಬಳೇ, ಅದೂ ನಲ್ಲಿ ನಿಲ್ಲಿಸು ಎನ್ನಲು.

"ಪೋಸ್ಟರ್ ಹಚ್ಚಿಸಣ್ಣ. ಫೋಟೋ ಕೊಡು, ನಾನೇ ಹೇಳ್ತೀನಿ," ಎಂದಳು ದೇದೆ.

ಮೀನಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ಅವಳು ಮುದ್ರಕ ಓಕೈನ್‌ಗೆ ಫೋಟೋ ಕೊಟ್ಟು, "ಶನಿವಾರ ಎಲ್ಲರೂ ಬನ್ನಿ ಅಂತ ಹಾಕು," ಎಂದು ಓಡಿದಳು. ಮುದುಕನ ಫೋಟೋ, ಶನಿವಾರ, ಎಲ್ಲರೂ. ಶವಸಂಸ್ಕಾರಕ್ಕೆ ಪೋಸ್ಟರ್ ಹಚ್ಚಿ ಶನಿವಾರವೇ ಕರೆಯುವ ಟೇಶಿಯಲ್ಲಿ ಇದಕ್ಕೆ ಎರಡನೆಯ ಅರ್ಥವಿಲ್ಲ. ಓಕೈನ್ ಕಣ್ಣೊರೆಸಿಕೊಂಡು, ಕಪ್ಪು ಅಂಚಿನೊಳಗೆ "ಪ್ರಭುವಿನ ಕರೆ" ಎಂದು ತಲೆಬರಹ ಕೂರಿಸಿದ.

ಶನಿವಾರ ಬೆಳಿಗ್ಗೆ ಲಾರ್ಯಾ ಬಾಗಿಲು ತೆರೆದರೆ ಅಂಗಳದ ತುಂಬ ಕಪ್ಪು ಬಟ್ಟೆಯವರು.

"ಅಯ್ಯಯ್ಯೋ, ಎದ್ದು ಬಂದ!"

"ಸತ್ತಿಲ್ಲ ಕಣಮ್ಮ. ರಕ್ತ ಬೇಕಾಗಿತ್ತು."

"ಮೊದಲೇ ಹೇಳೋದಲ್ವಾ? ಕೆಲಸ ಬಿಟ್ಟು ಬಂದಿದ್ದೀವಿ!"

ಶವಪೆಟ್ಟಿಗೆಯ ಬಡಗಿ ಮುಂದೆ ಬಂದ. "ಮಾವ, ನಿನ್ನ ಕಸುಬಿಗೆ ತಕ್ಕಂಗೆ ಪೆಟ್ಟಿಗೇನ ರೇಡಿಯೋ ಆಕಾರದಲ್ಲೇ ಮಾಡ್ತಿದ್ದೆ. ಸ್ಟೇಷನ್ ತಿರುಗಿಸೋ ಗುಂಡಿ ಒಂದು ಮಾತ್ರ ಬಾಕಿ. ಈಗೇನ್ ಮಾಡ್ಲಿ?"

ದೇದೆ ಸೊಂಟಕ್ಕೆ ಕೈಯಿಟ್ಟಳು. "ಅಳೋಕೆ ಬಂದೋರು, ಒಂದು ಚೀಲ ರಕ್ತ ಕೊಟ್ರೆ ಸಾಯ್ತೀರಾ? ಹತ್ತಿ ನೀವು ಬಂದ ವ್ಯಾನು!"

ಬಂದ ಮೇಲೆ ಬರಿಗೈಯಲ್ಲಿ ಹೋಗುವುದು ಹೇಗೆಂದು ಎಲ್ಲರೂ ಹತ್ತಿದರು. ದಾರಿಯುದ್ದಕ್ಕೂ ಯಾರೋ ಲಾರ್ಯಾನ ಬೆನ್ನಿಗೆ ದಿಂಬು ಕೊಟ್ಟರು, ಯಾರೋ ಉಸಿರಾಡಲು ಆಗುತ್ತಿದೆಯೇ ಎಂದು ಕೇಳಿದರು. ಅವನು ಒಂದೊಂದೇ ಮುಖ ನೋಡುತ್ತ, ಎಲ್ಲಿ ಇಳಿದುಬಿಡುತ್ತಾರೋ ಎಂದು ಹೆದರುತ್ತ ಕುಳಿತಿದ್ದ. ಯಾರೂ ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲರೂ ರಕ್ತ ಕೊಟ್ಟರು.

ಲಾರ್ಯಾ ಎದೆಯುಬ್ಬಿಸಿ ವಾರ್ಡಿಗೆ ಹೋದ. ನರ್ಸು ಗೋಡೆಗೆ ಅಂಟಿಕೊಂಡಳು.

"ಅಜ್ಜಾ, ನೀವಾ? ಗೇಟಿನ ಹತ್ರ ಪೋಸ್ಟರ್ ನೋಡಿ ಡಾಕ್ಟರು ಪ್ರಾರ್ಥನೆ ಮಾಡಿ, ನಿಮ್ಮ ಸೋಮವಾರದ ಸರದೀನ ಬೇರೆಯವರಿಗೆ ಕೊಟ್ಬಿಟ್ರಲ್ಲ!"

"ನನಗೆ ಮತ್ತೆ ಯಾವಾಗ?"

"ತಿಂಗಳುಗಟ್ಟಲೆ ಆಗತ್ತೆ. ಅಷ್ಟು ದಿನ ಈ ರಕ್ತ ಉಳಿಯಲ್ಲ. ಆಗ ನಿಮ್ಮ ಕಡೆಯವರನ್ನ ಇನ್ನೊಂದ್ಸಲ ಕರ್ಕೊಂಡು ಬನ್ನಿ, ಅಷ್ಟೇ."

ಲಾರ್ಯಾ ಕಿಟಕಿಗೆ ಓಡಿದ. ತೊಟ್ಟ ಕಪ್ಪು ಬಟ್ಟೆ ವ್ಯರ್ಥವಾಗಬಾರದೆಂದು ಅವನ ಕಡೆಯವರೆಲ್ಲ ವ್ಯಾನು ಹತ್ತಿ, ನಿಜವಾಗಿಯೂ ಸತ್ತವನೊಬ್ಬನ ಮನೆಗೆ ಹೊರಟಿದ್ದರು.