ಅಕ್ಕಿಮುಡಿಯಲ್ಲಿಟ್ಟ ಕ್ಯಾಸೆಟ್ಟಿನ ಕುರಿತು

ಮನೆ ಗಣಕಯಂತ್ರ ಸಂರಕ್ಷಣಾ ಇಲಾಖೆ
(ಚಾವಡಿ ವಿಭಾಗ), ಅರಂತೋಡು, ಸುಳ್ಯ ತಾಲೂಕು

ಸಂಖ್ಯೆ: ಮಗಸಂ/ಮುಡಿ/1/87-88
ದಿನಾಂಕ: 14-6-1987

ಸುತ್ತೋಲೆ

ವಿಷಯ: ಮನೆಯ ಕಂಪ್ಯೂಟರನ್ನೂ ಅದರ ಮಾಹಿತಿಯನ್ನೂ ಕಳ್ಳರಿಂದ ಕಾಪಾಡುವ ಬಗ್ಗೆ.

ಉಲ್ಲೇಖ: 1) ರಸ್ತೆ ಬದಿಯ ಅಂಗಡಿಯೊಂದರಿಂದ ರೇಡಿಯೋ ಕಳವಾದ ಸುದ್ದಿ.
2) ಸೊಸೆ ಲೋಲಾಕ್ಷಿಯ ಮೌಖಿಕ ಆಕ್ಷೇಪಣೆ, ಅಡಿಗೆಮನೆಯಿಂದ, ದಿ. 2-5-87.

ಪೀಠಿಕೆ: ಲೋಲಾಕ್ಷಿಯ ತಮ್ಮ ಮಸ್ಕತ್ತಿನಿಂದ ತಂದುಕೊಟ್ಟ ಕಂಪ್ಯೂಟರನ್ನು, ಈವರೆಗೆ ಬರೇ ಚುಕ್ಕಿ ತೋರಿಸುತ್ತಿದ್ದ ಮನೆಯ ಟಿ.ವಿ.ಗೆ ಜೋಡಿಸಲಾಗಿರುತ್ತದೆ. ಈ ಸೀಮೆಯಲ್ಲಿ ಹಿಂದೆ ಬೆಳೆಯುತ್ತಿದ್ದ ನಲವತ್ತಮೂರು ಭತ್ತದ ತಳಿಗಳ ಹೆಸರನ್ನು ಮನೆಯ ಹಿರಿಯರಾದ ಕುಕ್ಕಪ್ಪ ಎಂಬವರು ನೆನಪಿನಿಂದ ಹೇಳಿದ್ದು, ಲೋಲಾಕ್ಷಿಯು ಮೂರು ತಿಂಗಳು ಕೂತು ಟೈಪು ಮಾಡಿ, ಆ ಯಂತ್ರದ ಕ್ರಮದಂತೆ ಒಂದು ಕ್ಯಾಸೆಟ್ಟಿಗೆ ತುಂಬಿಸಿದ್ದಳು. ಹಾಡು ಕೇಳುವ ಕ್ಯಾಸೆಟ್ಟಿಗೂ ಅದಕ್ಕೂ ನೋಟದಲ್ಲಿ ವ್ಯತ್ಯಾಸ ಇರುವುದಿಲ್ಲ. ಬೇರೆಲ್ಲೂ ಬರೆದಿಟ್ಟದ್ದೂ ಇರುವುದಿಲ್ಲ. ಸದರಿ ಕ್ಯಾಸೆಟ್ಟು ಮನೆಯಿಂದ ಕಾಣೆಯಾಗಿದ್ದು, ತನಿಖೆಯಲ್ಲಿ ಕಳ್ಳ ಯಾರೆಂದು ತಿಳಿದುಬಂದಿರುವುದರಿಂದ, ಮನೆಯವರೆಲ್ಲರ ಗಮನಕ್ಕೆ ಕೆಳಗಿನ ನಿಯಮಗಳನ್ನು ತರಲಾಗಿದೆ:

1. ಉಪಯೋಗಿಸದ ವೇಳೆ ಕಂಪ್ಯೂಟರಿನ ಮೇಲೆ ಗೊಬ್ಬರದ ಖಾಲಿ ಗೋಣಿ ಹೊದಿಸತಕ್ಕದ್ದು. ನೆಂಟರು ಕೇಳಿದರೆ ‘ಹಾಳಾದ ಇಸ್ತ್ರಿಪೆಟ್ಟಿಗೆ’ ಎಂದು ಹೇಳತಕ್ಕದ್ದು. ರಿಪೇರಿ ಮಾಡಿಕೊಡುತ್ತೇನೆ ಎಂದು ಮುಂದೆ ಬರುವ ನೆಂಟರಿಗೆ ಕಾಫಿ ಕೊಟ್ಟು ಬೇಗ ಕಳುಹಿಸತಕ್ಕದ್ದು.

2. ನಾಯಿಯನ್ನು ಕಾವಲಿಗೆ ನೇಮಿಸಲಾಗಿತ್ತು. ಅದು ಯಂತ್ರದ ಬೆಚ್ಚನೆ ಮೈಮೇಲೆ ಮಲಗಿ ಅಕ್ಷರದ ಗುಂಡಿ ಎರಡನ್ನು ಒಳಗೆ ಕೂರಿಸಿದ್ದರಿಂದ ನೇಮಕಾತಿಯನ್ನು ರದ್ದುಪಡಿಸಲಾಗಿದೆ. ನಾಯಿಗೆ ಇದನ್ನು ತಿಳಿಸಲಾಗಿದೆ, ಪಾಲನೆಯಾಗಿಲ್ಲ.

3. ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹಗ್ಗ ಬಿಗಿದು ಕಟ್ಟಿದ ಮುಡಿಯನ್ನು ಯಾವ ಕಳ್ಳನೂ ಬಿಚ್ಚುವುದಿಲ್ಲ ಎಂದು ಅಭಿಪ್ರಾಯಪಟ್ಟು, ಕುಕ್ಕಪ್ಪನವರು ಕ್ಯಾಸೆಟ್ಟನ್ನು ಅಕ್ಕಿಮುಡಿಯ ನಡುವೆ ಇಟ್ಟು ಕಟ್ಟಿರುತ್ತಾರೆ. “ಎಂತ ಮಾವ, ಅಕ್ಕಿಯೊಳಗೆ ಕ್ಯಾಸೆಟ್ ಇಡುದಾ?” ಎಂಬ ಆಕ್ಷೇಪಣೆಯನ್ನು ಅಂದು ತಿರಸ್ಕರಿಸಲಾಗಿತ್ತು. ಈಗ ಅಂಗೀಕರಿಸಲಾಗಿದೆ.

4. ತರುವಾಯ ಕಡಬದಲ್ಲಿರುವ ತಂಗಿ ತಿಮ್ಮಕ್ಕನ ಮೊಮ್ಮಗಳ ಮದುವೆ ಬಂದಿದ್ದು, ಮದುವೆಮನೆಗೆ ಮುಡಿ ಕಳುಹಿಸುವ ಕ್ರಮದಂತೆ ಕುಕ್ಕಪ್ಪನವರು ಸ್ವತಃ ಆರಿಸಿ, ಚೆನ್ನಾಗಿ ಕಟ್ಟಿದೆ ಎಂದು ಹೊಗಳಿ, ಅದೇ ಮುಡಿಯನ್ನು ಜೀಪಿಗೆ ಏರಿಸಿರುತ್ತಾರೆ. ಕಳವು ಈ ರೀತಿ ನಡೆದಿದೆ.

5. ಮದುವೆಮನೆಯವರು ಮುಡಿ ಬಿಚ್ಚಿ, ಸಿಕ್ಕಿದ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿಗೆ ಹಾಕಿದಾಗ ಜೀರುಂಡೆಯ ಹಾಗೆ ಕಿರಿಚಿರುತ್ತದೆ. “ಅಣ್ಣ ಕ್ಯಾಸೆಟ್ ಕಳಿಸಿದ್ದು ಶೋಭಾನೆ ತುಂಬಿಸ್ಲಿಕ್ಕೆ ಇರಬೇಕು ಮಾರಾಯ್ತಿ. ಪಾಪ, ಬಾಯಿಬಿಟ್ಟು ಹೇಳುದಿಲ್ಲ ಅವ” ಎಂದು ತಿಮ್ಮಕ್ಕ ತೀರ್ಮಾನಿಸಿ, ಎರಡೂ ಬದಿ ತುಂಬುವಷ್ಟು ಹಾಡಿಸಿ, ಕ್ಯಾಸೆಟ್ಟನ್ನು ಹೋಳಿಗೆ ಸಮೇತ ಹಿಂತಿರುಗಿಸಿರುತ್ತಾಳೆ. ಹೋಳಿಗೆಯ ಬಗ್ಗೆ ದೂರು ಇಲ್ಲ.

6. ಹಾಡು ತುಂಬಿ ತಳಿಗಳ ಹೆಸರೆಲ್ಲ ಅಳಿಸಿಹೋಗಿದ್ದು, ಇನ್ನು ಮುಂದೆ ಸಮಸ್ತ ಮಾಹಿತಿಯು ಕುಕ್ಕಪ್ಪನವರ ತಲೆಯಲ್ಲಿ ಮಾತ್ರ ಇರುವುದರಿಂದ, ಸದರಿ ತಲೆಯು ತೆಂಗಿನಮರದ ಅಡಿಯಲ್ಲಿ ಕೂರತಕ್ಕದ್ದಲ್ಲ; ಮುಂಡಾಸು ಇಲ್ಲದೆ ತೋಟಕ್ಕೆ ಹೋಗತಕ್ಕದ್ದಲ್ಲ; ಬಸ್ಸಿನ ಕಿಟಕಿಯಿಂದ ಹೊರಗೆ ಇಣುಕತಕ್ಕದ್ದಲ್ಲ.

7. ಪುನಃ ಹೇಳಿಸಿದಾಗ ನಲವತ್ತೆರಡು ಹೆಸರು ಬಂದಿದ್ದು, ಒಂದು ಬಂದಿಲ್ಲ. ಯಂತ್ರಕ್ಕೆ ಒಪ್ಪಿಸಿ ಆಯಿತಲ್ಲ ಎಂದು ಅದನ್ನು ನೆನಪಿನಿಂದ ಇಳಿಸಿಬಿಟ್ಟೆ ಎಂದು ಕುಕ್ಕಪ್ಪನವರು ಒಪ್ಪಿಕೊಂಡಿರುತ್ತಾರೆ. ಎಪ್ಪತ್ತು ವರ್ಷ ಹೊತ್ತದ್ದನ್ನು ಮೂರು ತಿಂಗಳಲ್ಲಿ ಕಳೆದದ್ದಕ್ಕೆ ವಿವರಣೆ ಕೇಳಲಾಗಿದೆ. ಎಂಟು ದಿನ ಅವರು ಸರಿಯಾಗಿ ಊಟ ಮಾಡಿರುವುದಿಲ್ಲ.

8. ನಿನ್ನೆ ಲೋಲಾಕ್ಷಿಯು ಆ ಕ್ಯಾಸೆಟ್ಟನ್ನು ಸುಮ್ಮನೆ ಹಾಡು ಕೇಳಲೆಂದು ಹಾಕಿರುತ್ತಾಳೆ. ಎರಡನೇ ಬದಿಯಲ್ಲಿ, ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮೊದಲು, ತಿಮ್ಮಕ್ಕ ಯಾರನ್ನೋ ಗದರಿಸುವುದು ಕೇಳಿಬಂದಿರುತ್ತದೆ: “ಇದೆಂಥ ಪಾಯಸ ಮಾರಾಯ್ತಿ, ಪರಿಮಳವೇ ಇಲ್ಲ! ನಮ್ಮ ಅಪ್ಪ ಇರುವಾಗ ಮೇಲಿನ ಗದ್ದೆಯಲ್ಲಿ ಜೀರಸಾಲೆ ಬೆಳೀತಿತ್ತು. ಅದರ ಪಾಯಸ ಉಣ್ಬೇಕು ನೀನು.”

ಜೀರಸಾಲೆ. ನಲವತ್ತಮೂರನೆಯದು ಅದೇ ಎಂದು ದೃಢೀಕರಿಸಲಾಗಿದೆ. ದೃಢೀಕರಿಸುವಾಗ ಕುಕ್ಕಪ್ಪನವರು ಮುಖ ತೊಳೆಯಲು ಎದ್ದುಹೋದದ್ದನ್ನು ಕಡತದಲ್ಲಿ ನಮೂದಿಸತಕ್ಕದ್ದಲ್ಲ.

9. ಸದರಿ ಕ್ಯಾಸೆಟ್ಟನ್ನು ಇನ್ನು ಯಾರೂ ಅಳಿಸತಕ್ಕದ್ದಲ್ಲ. ಕಂಪ್ಯೂಟರಿಗೆ ಬೇರೆ ಕ್ಯಾಸೆಟ್ಟು ಖರೀದಿಸಲು ಮಂಜೂರಾತಿ ನೀಡಲಾಗಿದೆ.

(ಸಹಿ)
ಕುಕ್ಕಪ್ಪ
ಸಂರಕ್ಷಣಾಧಿಕಾರಿ ಹಾಗೂ ಕಳ್ಳ
ವಿದ್ಯಾರ್ಹತೆ: ಎರಡನೇ ತರಗತಿ (ಅರ್ಧ)

ಪ್ರತಿಗಳು:
1. ಲೋಲಾಕ್ಷಿ: ಪುನಃ ಟೈಪು ಮಾಡುವ ಬಗ್ಗೆ, ಈ ಸಲ ಒಂದು ನೋಟುಪುಸ್ತಕದಲ್ಲಿಯೂ.
2. ನಾಯಿ: ಗೋಣಿಯಿಂದ ಇಳಿಯುವ ಬಗ್ಗೆ ಎರಡನೇ ನೋಟೀಸು.
3. ಕಡತಕ್ಕೆ: ಕಡತವನ್ನು ಮುಡಿಯಲ್ಲಿ ಇಡತಕ್ಕದ್ದಲ್ಲ.
4. ತಿಮ್ಮಕ್ಕ, ಕಡಬ: ನಲವತ್ತನಾಲ್ಕನೆಯದು ಯಾವುದಾದರೂ ಇದ್ದರೆ, ಬಂದು ನಾಲ್ಕು ದಿನ ಉಳಿದು, ಗದರಿಸಿ ತಿಳಿಸುವುದು.